ಚೀಟಿ ಅಂಟಿಸಿದ್ದು ನಾನು, ಸಾಲು ಮಾತ್ರ ಮೋಡೆಮ್ಮಿನದು

ನನ್ನ ತಮ್ಮ ಮದುವೆ ಫೋಟೋ ತೆಗೆಯುತ್ತಾನೆ. ಹೆಂಡತಿ ಪಿಯು ಕಾಲೇಜಿನಲ್ಲಿ ಲೆಕ್ಕ ಪಾಠ ಮಾಡುತ್ತಾಳೆ. ನಾನು ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸದವನು. 2020ರಲ್ಲಿ ಮೂವರೂ ತೀರ್ಥಹಳ್ಳಿ ಹತ್ತಿರದ ಒಂದೇ ಮನೆಯಲ್ಲಿ, ಒಂದೇ ಇಂಟರ್ನೆಟ್ ಲೈನಿನ ಮೇಲೆ ಕೂತೆವು. ಡೌನ್‌ಲೋಡಿಗೆ 20 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್), ಅಪ್‌ಲೋಡಿಗೆ 4. ಡೌನ್‌ಲೋಡ್ ಹೇಗೋ ನಡೆಯುತ್ತಿತ್ತು. ಜಗಳ ಎಲ್ಲಾ ಆ 4ರ ಮೇಲೆ.

ಐವತ್ತೇ ಜನರ ಮದುವೆಯಾದರೂ ಫೋಟೋಗಳ ಸಂಖ್ಯೆ ಕಮ್ಮಿಯಾಗಿರಲಿಲ್ಲ. ಆಲ್ಬಂ ಡಿಸೈನ್ ಮಾಡುವವರು ಬೆಂಗಳೂರಿನಲ್ಲಿ. ಪೆನ್‌ಡ್ರೈವ್ ಕೊರಿಯರ್ ಮಾಡುವ ಹಾಗಿರಲಿಲ್ಲ. ತಮ್ಮ ಬೆಳಿಗ್ಗೆ ತಿಂಡಿ ತಿಂದು 12 ಜಿಬಿಯ ಒಂದು ಫೋಲ್ಡರ್ ಅಪ್‌ಲೋಡಿಗೆ ಹಾಕಿ ತೋಟಕ್ಕೆ ಹೋಗಿಬಿಡುತ್ತಿದ್ದ. ಒಂಬತ್ತು ಗಂಟೆಗೆ ಹೆಂಡತಿಯ ಝೂಮ್ ಕ್ಲಾಸು. ಒಂಬತ್ತು ಐದಕ್ಕೆ ಒಳಗಿನಿಂದ ಕೂಗು: "ರೀ, ನಿಮ್ಮ ತಮ್ಮ ಶುರು ಹಚ್ಕೊಂಡ ನೋಡಿ!"

ಅಪ್‌ಲೋಡ್ ನಡೆಯುವಾಗ ಪಿಂಗ್ ಹಾಕಿ, ಅಂದರೆ ಒಂದು ಸಣ್ಣ ಸಂದೇಶ ಹೋಗಿ ಉತ್ತರ ಬರಲು ಎಷ್ಟು ಹೊತ್ತು ಅಂತ, ನೋಡಿದೆ. ಸುಮ್ಮನಿದ್ದಾಗ 22 ಮಿಲಿಸೆಕೆಂಡ್ ಬರುತ್ತಿದ್ದದ್ದು 1400ಕ್ಕೆ ಹೋಗಿತ್ತು. ಹತ್ತಿರ ಹತ್ತಿರ ಒಂದೂವರೆ ಸೆಕೆಂಡು. ಅವಳು "ಅರ್ಥ ಆಯ್ತಾ?" ಅಂದದ್ದು ಮಕ್ಕಳಿಗೆ ತಲುಪಿ, ಮಕ್ಕಳು "ಆಯ್ತು ಮ್ಯಾಮ್" ಅನ್ನುವ ಹೊತ್ತಿಗೆ ಅವಳು ಮುಂದಿನ ಲೆಕ್ಕದಲ್ಲಿ ಇರುತ್ತಿದ್ದಳು.

ಲೆಕ್ಕ ಹಾಕಿದರೆ ಕಾರಣ ಅಲ್ಲೇ ಕಾಣುತ್ತದೆ. 4 ಎಂಬಿಪಿಎಸ್‌ನಲ್ಲಿ 1500 ಬೈಟಿನ ಒಂದು ಪ್ಯಾಕೆಟ್ (ಡೇಟಾದ ಒಂದು ತುಂಡು) ಹೊರಗೆ ಹೋಗಲು 3 ಮಿಲಿಸೆಕೆಂಡ್ ಬೇಕು. 1400 ಮಿಲಿಸೆಕೆಂಡ್ ತಡ ಅಂದರೆ ಮುಂದೆ ಸುಮಾರು 460 ಪ್ಯಾಕೆಟ್ ಸಾಲಿನಲ್ಲಿವೆ ಅಂತ. ಎಲ್ಲವೂ ತಮ್ಮನ ಫೋಟೋಗಳು. ಇದಕ್ಕೆ ಬಫರ್‌ಬ್ಲೋಟ್ ಅಂತ ಹೆಸರಿದೆ. ಪ್ಯಾಕೆಟ್ ಕಳೆದುಹೋಗಬಾರದು ಅಂತ ಸಾಧನಗಳಲ್ಲಿ ದೊಡ್ಡ ದೊಡ್ಡ ಬಫರ್, ಅಂದರೆ ಕಾಯುವ ಜಾಗ, ಇಡುತ್ತಾರೆ. ಫೈಲು ಕಳಿಸುವ ನಿಯಮಾವಳಿಯಾದ ಟಿಸಿಪಿ, ಒಂದು ಪ್ಯಾಕೆಟ್ ಕಳೆದುಹೋಗುವವರೆಗೂ ವೇಗ ಏರಿಸುತ್ತಲೇ ಇರುತ್ತದೆ. ಹಾಗಾಗಿ ಬಫರ್ ಎಷ್ಟು ದೊಡ್ಡದಿದ್ದರೂ ತುಂಬುತ್ತದೆ.

ಪರಿಹಾರ ನನಗೆ ಗೊತ್ತು ಅಂದುಕೊಂಡಿದ್ದೆ: ಪ್ಯಾಕೆಟ್ಟುಗಳಿಗೆ ಗುರುತು ಹಾಕಿ, ಕರೆಗಳನ್ನು ಮುಂದೆ ಬಿಡುವುದು. ಮನೆಯಲ್ಲಿ ಒಂದು ಹಳೇ ಕಂಪ್ಯೂಟರ್ ಬಿದ್ದಿತ್ತು. ಅದಕ್ಕೆ ಎರಡನೇ ನೆಟ್‌ವರ್ಕ್ ಕಾರ್ಡ್ ಹಾಕಿ ಡೆಬಿಯನ್ 10 (ಒಂದು ಬಗೆಯ ಲಿನಕ್ಸ್) ಇಳಿಸಿದೆ. ಮೋಡೆಮ್ಮನ್ನು ಬರೀ ದಾಟಿಸುವ ಬ್ರಿಡ್ಜ್ ಮೋಡಿಗೆ ಹಾಕಿ, ಇಂಟರ್ನೆಟ್ ಕಂಪನಿಗೆ ಲಾಗಿನ್ ಆಗುವ ಪಿಪಿಪಿಒಇ ಡಯಲ್ ಮಾಡುವ ಕೆಲಸವನ್ನು ಈ ಕಂಪ್ಯೂಟರಿಗೇ ಕೊಟ್ಟೆ. ಮನೆಯ ಎಲ್ಲಾ ಟ್ರಾಫಿಕ್ ಈಗ ಲಿನಕ್ಸ್‌ನ ತಿರುಳಾದ ಕರ್ನಲ್ ಮೂಲಕವೇ ಹೋಗಬೇಕು. ಅಮ್ಮ ಬಂದು, "ಏನೋ ಇದು, ಟಿವಿ ಬಿಚ್ಚಿದ್ಯಾ?" ಅಂತ ಕೇಳಿ ಹೋದರು.

ಇನ್ನು ಗುರುತು ಹಾಕುವ ಕೆಲಸ. ಕರ್ನಲ್ ಒಳಗೆ ಪ್ರತಿ ಪ್ಯಾಕೆಟ್ಟಿನ ಜೊತೆ ಒಂದು ದಾಖಲೆ ಇರುತ್ತದೆ, ಅದನ್ನು ಎಸ್‌ಕೆ-ಬಫ್ ಅನ್ನುತ್ತಾರೆ. ಅದರಲ್ಲಿ ಮಾರ್ಕ್ ಅನ್ನೋ 32 ಬಿಟ್ಟಿನ ಒಂದು ಖಾಲಿ ಜಾಗ ಇದೆ. ಅಲ್ಲಿ ನಮಗೆ ಬೇಕಾದ ಸಂಖ್ಯೆ ಬರೆಯಬಹುದು. ಪ್ಯಾಕೆಟ್ ನಿಯಮಗಳನ್ನು ಬರೆಯುವ ಐಪಿಟೇಬಲ್ಸ್‌ನ ಮ್ಯಾಂಗಲ್ ಟೇಬಲ್ ಇರುವುದು ಇಂಥ ಕೆಲಸಕ್ಕೇ. ಈ ಸಂಖ್ಯೆ ಪ್ಯಾಕೆಟ್ಟಿನ ಮೇಲೆ ಬರೆದದ್ದಲ್ಲ, ಇದನ್ನು ನಾನು ಮೊದಲು ಸರಿಯಾಗಿ ಗಮನಿಸಿರಲಿಲ್ಲ. ಅಡಿಕೆ ಮಂಡಿಯಲ್ಲಿ ರೈಟರು ಇಂಥ ಚೀಲ ಇಂಥವರದ್ದು ಅಂತ ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರಲ್ಲ, ಹಾಗೆ. ಚೀಲ ಲಾರಿ ಹತ್ತಿದ ಮೇಲೆ ಪುಸ್ತಕ ಮಂಡಿಯಲ್ಲೇ ಉಳಿಯುತ್ತದೆ. ಚೀಲದ ಮೇಲೇ ಬಣ್ಣದಲ್ಲಿ ಬರೆಯುವುದೂ ಒಂದಿದೆ, ಅದು ಡಿಎಸ್‌ಸಿಪಿ: ಪ್ಯಾಕೆಟ್ಟಿನ ತಲೆಬರಹದ (ಐಪಿ ಹೆಡರ್) ಒಳಗಿನ 6 ಬಿಟ್. ಅದು ಪ್ಯಾಕೆಟ್ಟಿನ ಜೊತೆ ಹೊರಗೂ ಹೋಗುತ್ತದೆ. ಧ್ವನಿಗೆ ಕೊಡುವ 46 ಅನ್ನೋ ಬೆಲೆಯನ್ನು ಉತ್ಸಾಹದಲ್ಲಿ ಹಾಕಿ ನೋಡಿದ್ದೆ. ಹೊರಗಿನ ಜಾಲ ಅದನ್ನು ಗಮನಿಸಿದ ಹಾಗೆ ಕಾಣಲಿಲ್ಲ. ಬಿಟ್ಟೆ.

ಮೂರು ಸಂಖ್ಯೆ ಇಟ್ಟುಕೊಂಡೆ. ಕರೆಗಳಿಗೆ 10, ಸಾಮಾನ್ಯಕ್ಕೆ 20, ತಮ್ಮನ ಫೋಟೋಗಳಿಗೆ 30. ಹೊರಗೆ ಹೋಗುವ ಕಡೆ ಮೂರು ಪಟ್ಟಿಯ ಪ್ರಯೋ ಕ್ಯೂಡಿಸ್ಕ್ (ಸಾಲು ನಡೆಸುವ ವ್ಯವಸ್ಥೆ) ಹಾಕಿ, 10ರ ಗುರುತಿದ್ದದ್ದು ಮೊದಲು ಹೋಗಲಿ ಅಂತ ಫಿಲ್ಟರ್ ಬರೆದೆ. ಕೌಂಟರ್‌ಗಳು ಚೆನ್ನಾಗಿ ಏರುತ್ತಿದ್ದವು. ಝೂಮ್ ಪ್ಯಾಕೆಟ್ಟುಗಳು 10ರಲ್ಲಿ, ಫೋಟೋಗಳು 30ರಲ್ಲಿ. ಎಲ್ಲಾ ಸರಿ. ಪಿಂಗ್ ನೋಡಿದರೆ 1400.

ಆ ದಿನ ಪೂರ್ತಿ ನಿಯಮಗಳನ್ನೇ ತಿದ್ದುತ್ತಾ ಕೂತೆ. ತಪ್ಪು ನಿಯಮಗಳಲ್ಲಿ ಇರಲಿಲ್ಲ. ಕಂಪ್ಯೂಟರಿಂದ ಮೋಡೆಮ್ಮಿಗೆ ಇರುವ ತಂತಿ 1 ಗಿಗಾಬಿಟ್ಟಿನದು. ಮೋಡೆಮ್ಮಿಂದ ಆಚೆಗೆ 4 ಮೆಗಾಬಿಟ್. ನನ್ನ ಕರ್ನಲ್‌ನಲ್ಲಿ ಸಾಲೇ ನಿಲ್ಲುತ್ತಿರಲಿಲ್ಲ. ಬಂದದ್ದು ಬಂದ ಹಾಗೇ ಮೋಡೆಮ್ಮಿಗೆ ಹೋಗುತ್ತಿತ್ತು. ಸಾಲು ನಿಲ್ಲುತ್ತಿದ್ದದ್ದು ಮೋಡೆಮ್ಮಿನ ಹೊಟ್ಟೆಯಲ್ಲಿ, ಅಲ್ಲಿ ನನ್ನ ಮಾರ್ಕಿನ ಸುದ್ದಿ ಯಾರಿಗೂ ಗೊತ್ತಿಲ್ಲ. ಆಗುಂಬೆ ಘಾಟಿಯ ತಿರುವಿನಲ್ಲಿ ಲಾರಿಗಳು ನಿಂತಿರುವಾಗ, ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಆಂಬುಲೆನ್ಸಿಗೆ ದಾರಿ ಬಿಡಿಸಿದ ಹಾಗಾಗಿತ್ತು ನನ್ನ ಕೆಲಸ. ಇಲ್ಲಿ ರಸ್ತೆ ಮೊದಲೇ ಖಾಲಿ!

ಹಾಗಾಗಿ ಸಾಲನ್ನು ನನ್ನ ಹತ್ತಿರ ತಂದುಕೊಳ್ಳಬೇಕಿತ್ತು. ಲೈನಿನ ವೇಗಕ್ಕಿಂತ ಸ್ವಲ್ಪ ಕಮ್ಮಿ ವೇಗದಲ್ಲಿ ನಾನೇ ಕಳಿಸಿದರೆ ಮೋಡೆಮ್ಮಿನ ಬಫರ್ ತುಂಬುವುದೇ ಇಲ್ಲ, ಸಾಲು ನನ್ನ ಕರ್ನಲ್‌ನಲ್ಲಿ ನಿಲ್ಲುತ್ತದೆ. ಆಮೇಲೆ ಯಾರು ಮೊದಲು ಅನ್ನುವುದು ನನ್ನ ಮಾತು. ಇದಕ್ಕೆ ಎಚ್‌ಟಿಬಿ (ಹೈರಾರ್ಕಿಕಲ್ ಟೋಕನ್ ಬಕೆಟ್) ಅನ್ನೋ ಕ್ಯೂಡಿಸ್ಕ್ ಬಳಸಿದೆ. ಹೆಸರು ದೊಡ್ಡದು, ಲೆಕ್ಕ ಸರಳ. ಒಟ್ಟು ಇಷ್ಟು, ಅದರಲ್ಲಿ ಪ್ರತಿ ವರ್ಗಕ್ಕೆ ಖಾತ್ರಿ ಇಷ್ಟು, ಬೇರೆಯವರು ಬಳಸದೆ ಇದ್ದರೆ ಸಾಲ ತೆಗೆದುಕೊಂಡು ಇಷ್ಟರವರೆಗೆ ಹೋಗಬಹುದು. ಅವಿಭಕ್ತ ಕುಟುಂಬದ ಪಾಲಿನ ಹಾಗೆ.

4 ಎಂಬಿಪಿಎಸ್‌ನ ಶೇಕಡಾ 90, ಅಂದರೆ 3600 ಕಿಲೋಬಿಟ್ ಒಟ್ಟು ಮಿತಿ ಇಟ್ಟೆ. ಕರೆಗಳಿಗೆ 1200, ಸಾಮಾನ್ಯಕ್ಕೆ 1600, ಫೋಟೋಗಳಿಗೆ 800. ಕೂಡಿದರೆ ಸರಿಯಾಗಿ 3600. ಒಳಗಿನ ಮಕ್ಕಳ ವರ್ಗಗಳ ಪಾಲಿನ ಮೊತ್ತ, ಒಟ್ಟು ಮಿತಿಯ ತಾಯಿ ವರ್ಗಕ್ಕಿಂತ ಜಾಸ್ತಿಯಾದರೆ ಖಾತ್ರಿಗೆ ಅರ್ಥ ಉಳಿಯುವುದಿಲ್ಲ. ಮೂವರಿಗೂ ಮೇಲಿನ ಮಿತಿ 3600. ರಾತ್ರಿ ಯಾರೂ ಇಲ್ಲದಾಗ ತಮ್ಮ ಪೂರ್ತಿ ಲೈನ್ ತಿನ್ನಬಹುದು.

ಹಾಕಿ ನೋಡಿದೆ. ಪಿಂಗ್ ಮತ್ತೆ 1400.

ಈ ಸಲದ ತಪ್ಪು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮಿತಿಯನ್ನು 3600 ಕೆಬಿಪಿಎಸ್ ಅಂತ ಬರೆದಿದ್ದೆ. ಲೋಕವೆಲ್ಲಾ ಕೆಬಿಪಿಎಸ್ ಅಂದರೆ ಕಿಲೋಬಿಟ್ ಅನ್ನುತ್ತದೆ. ಈ ಮಿತಿಗಳನ್ನು ಹಾಕುವ ಟಿಸಿ ಕಮಾಂಡ್ ಮಾತ್ರ ಕಿಲೋಬೈಟ್ ಅಂತ ಓದುತ್ತದೆ. ಬಿಟ್ ಬೇಕಿದ್ದರೆ ಕೆಬಿಟ್ ಅಂತಲೇ ಬರೆಯಬೇಕು. ಅಲ್ಲಿಗೆ ನಾನು 4 ಮೆಗಾಬಿಟ್ಟಿನ ಲೈನಿಗೆ 28.8 ಮೆಗಾಬಿಟ್ಟಿನ ಮಿತಿ ಹಾಕಿ, ಕೆಲಸ ಮಾಡ್ತಿಲ್ಲ ಅಂತ ಎಚ್‌ಟಿಬಿಯನ್ನು ಬೈಯುತ್ತಿದ್ದೆ. ಒಂದು ಪದ ಬದಲಿಸಿದೆ. ಪಿಂಗ್ 40ಕ್ಕೆ ಇಳಿಯಿತು. ಅವತ್ತು ರಾತ್ರಿ ಊಟ ರುಚಿಯಾಗಿತ್ತು.

ಮುಂದಿನ ಕೆಲಸ, ಯಾವುದಕ್ಕೆ ಯಾವ ಗುರುತು. ಪ್ಯಾಕೆಟ್ ನೋಡಿ "ಇದು ಪಾಠ, ಇದು ಮೋಜು" ಅಂತ ಹೇಳಲು ಕರ್ನಲ್‌ಗೆ ಬರುವುದಿಲ್ಲ. ಒಳಗಿರುವುದೆಲ್ಲಾ ಗೂಢಲಿಪಿಯಲ್ಲಿರುತ್ತದೆ. ಕಾಣುವುದು ವಿಳಾಸ, ಪೋರ್ಟು (ಯಾವ ಸೇವೆಯ ಬಾಗಿಲು ಅನ್ನೋ ಸಂಖ್ಯೆ), ಗಾತ್ರ, ಅಷ್ಟೇ. ಸೋಮಾರಿತನದಿಂದ ಮೊದಲು ಯುಡಿಪಿ (ಟಿಸಿಪಿ ಅಲ್ಲದ ಇನ್ನೊಂದು ನಿಯಮಾವಳಿ) ಎಲ್ಲದಕ್ಕೂ 10 ಅಂತ ಬರೆದೆ. ಕರೆಗಳು ಯುಡಿಪಿಯಲ್ಲಿ ಹೋಗುತ್ತವೆ, ಡೌನ್‌ಲೋಡುಗಳು ಟಿಸಿಪಿಯಲ್ಲಿ ಅನ್ನೋ ಹಳೇ ಕಾಲದ ತಿಳುವಳಿಕೆ ನನ್ನದು. ಯುಡಿಪಿ ಮೇಲೆ ಓಡುವ ಕ್ವಿಕ್ ಬಂದ ಮೇಲೆ ಅದು ಸುಳ್ಳು. ಯೂಟ್ಯೂಬ್ ವಿಡಿಯೋ ಯುಡಿಪಿ 443ರಲ್ಲೇ ಬರುತ್ತದೆ. ಮಗಳ ಕಾರ್ಟೂನ್ ವಿಐಪಿ ಆಗಿತ್ತು. ಆಮೇಲೆ ಪೋರ್ಟುಗಳನ್ನು ಹೆಸರಿಸಿಯೇ ಬರೆದೆ. ಝೂಮ್‌ಗೆ ಯುಡಿಪಿ 8801ರಿಂದ 8810, ನನ್ನ ಆಫೀಸಿನ ಟೀಮ್ಸ್‌ಗೆ 3478ರಿಂದ 3481, ಮೀಟ್‌ಗೆ 19305ರಿಂದ 19309. ಈ ಮೂರು ಸಾಲಿನಲ್ಲಿ ನಮ್ಮ ಮನೆಯ ಮುಕ್ಕಾಲು ಕರೆಗಳು ಬಂದವು.

ಚಿಕ್ಕ ಪ್ಯಾಕೆಟ್ಟುಗಳ ವಿಷಯದಲ್ಲಿ ಒಂದು ದಿನ ಪೂರ್ತಿ ಹೋಯಿತು. ಏನಾದರೂ ಡೌನ್‌ಲೋಡ್ ಆಗುವಾಗ ನಮ್ಮ ಕಡೆಯಿಂದ "ಬಂತು, ಬಂತು" ಅಂತ ಸಣ್ಣ ಉತ್ತರಗಳು ಹೋಗುತ್ತಿರಬೇಕು. ಅವು ಫೋಟೋಗಳ ಹಿಂದೆ ಸಿಕ್ಕಿಕೊಂಡರೆ ಡೌನ್‌ಲೋಡೂ ನಿಧಾನವಾಗುತ್ತದೆ. ತಮ್ಮ ಅಪ್‌ಲೋಡ್ ಮಾಡಿದರೆ ಮಗಳ ವಿಡಿಯೋ ಯಾಕೆ ನಿಲ್ಲಬೇಕು ಅನ್ನುವುದಕ್ಕೆ ಉತ್ತರ ಇದೇ. ಸರಿ, 64 ಬೈಟಿಗಿಂತ ಚಿಕ್ಕ ಟಿಸಿಪಿ ಪ್ಯಾಕೆಟ್ಟಿಗೆಲ್ಲಾ 10 ಕೊಡು ಅಂತ ಒಂದು ಸಾಲು ಸೇರಿಸಿದೆ.

ಸ್ವಲ್ಪ ಹೊತ್ತಿಗೆ ಎಲ್ಲವೂ 10ಕ್ಕೇ ಬರತೊಡಗಿತು. ಫೋಟೋಗಳೂ! 20 ಮತ್ತು 30ರ ಕೌಂಟರ್ ಅಲ್ಲಾಡುತ್ತಿಲ್ಲ.

ಯಾಕೆ ಹೀಗಾಯಿತು ಅನ್ನುವುದಕ್ಕೆ ಕನೆಕ್ಷನ್ ಮಾರ್ಕಿನ ವಿಷಯ ಹೇಳಬೇಕು. ಪ್ರತಿ ಪ್ಯಾಕೆಟ್ಟನ್ನೂ ಎಲ್ಲಾ ನಿಯಮಗಳ ಮೂಲಕ ಹಾಯಿಸುವುದು ದಂಡ. ಒಂದು ಸಂಪರ್ಕದ ಮೊದಲ ಪ್ಯಾಕೆಟ್ಟನ್ನು ನೋಡಿ ಗುರುತು ನಿರ್ಧರಿಸಿ, ಆ ಗುರುತನ್ನು ಕರ್ನಲ್‌ನ ಸಂಪರ್ಕಗಳ ಪಟ್ಟಿಯಲ್ಲಿ ಉಳಿಸಿದರೆ ಸಾಕು. ಕಾನ್‌ಮಾರ್ಕ್ ಮಾಡುವುದು ಇದನ್ನೇ. ಮುಂದಿನ ಪ್ಯಾಕೆಟ್ ಬಂದಾಗ ಪಟ್ಟಿಯಿಂದ ಗುರುತನ್ನು ವಾಪಸ್ ತೆಗೆದು ಪ್ಯಾಕೆಟ್ಟಿಗೆ ಹಚ್ಚುತ್ತದೆ. ಗುರುತು ಸೊನ್ನೆ ಅಲ್ಲದಿದ್ದರೆ ಅಲ್ಲೇ ಮುಗಿಸಿ ಹೊರಡು ಅಂತ ನಾನು ಬರೆದಿದ್ದೆ.

ಈಗ ತಪ್ಪು ಕಾಣ್ತಾ? ಟಿಸಿಪಿ ಸಂಪರ್ಕದ ಮೊದಲ ಪ್ಯಾಕೆಟ್ ಸಿನ್. ಲಿನಕ್ಸ್‌ನಿಂದ ಹೊರಡುವ ಐಪಿವಿ4 (ಹಳೇ ಮಾದರಿಯ ಇಂಟರ್ನೆಟ್ ವಿಳಾಸ) ಸಿನ್ ಸಾಮಾನ್ಯವಾಗಿ 60 ಬೈಟ್. ಅಂದರೆ 64ಕ್ಕಿಂತ ಚಿಕ್ಕದು. ಅದಕ್ಕೆ 10 ಬಿತ್ತು, ಆ 10 ಪಟ್ಟಿಯಲ್ಲಿ ಉಳಿಯಿತು, ಇಡೀ ಸಂಪರ್ಕ ವಿಐಪಿ ಆಯಿತು. ಪ್ರತಿ ಸಂಪರ್ಕವೂ ಹೀಗೇ. ಚಿಕ್ಕ ಪ್ಯಾಕೆಟ್ಟಿನ ನಿಯಮವನ್ನು ಗುರುತು ಉಳಿಸಿದ ಮೇಲೆ, ಆ ಒಂದು ಪ್ಯಾಕೆಟ್ಟಿಗೆ ಮಾತ್ರ ತಾಗುವ ಹಾಗೆ ಕೊನೆಗೆ ಇಟ್ಟೆ. "ಮುಗಿಸಿ ಹೊರಡು" ಅನ್ನೋ ಸಾಲನ್ನೂ ಅದಕ್ಕೆ ತಕ್ಕ ಹಾಗೆ ಸರಿಸಬೇಕಾಯಿತು. ಮಾರ್ಕ್ ಹಾಕುವ ಸಾಲು ತಾನಾಗಿ ಅಲ್ಲಿಗೆ ನಿಲ್ಲುವುದಿಲ್ಲ ಅನ್ನುವುದೂ ನೆನಪಿರಲಿ. ಪ್ಯಾಕೆಟ್ ಮುಂದಿನ ಸಾಲಿಗೂ ಹೋಗುತ್ತದೆ, ಕೊನೆಗೆ ಹೊಂದಿದ ಸಾಲಿನದ್ದೇ ಗುರುತು ಉಳಿಯುತ್ತದೆ.

ಎಂಟು ದಿನ ಚೆನ್ನಾಗಿ ನಡೆಯಿತು. ಒಂಬತ್ತನೇ ದಿನ ಮತ್ತೆ ಕೂಗು. ಮೋಡೆಮ್ ಪಕ್ಕ ಹೋಗಿ ಕೂತೆ. ಮಾರ್ಕ್ ಕೌಂಟರ್ ಸುಮ್ಮನಿದೆ, ತಮ್ಮನ ಅಪ್‌ಲೋಡ್ ಭರದಿಂದ ನಡೆಯುತ್ತಿದೆ. ಯಾವ ವರ್ಗದಲ್ಲೂ ಅದರ ಲೆಕ್ಕ ಇಲ್ಲ. ಕಳ್ಳದಾರಿ ಎಲ್ಲೋ ಇದೆ. ಕೊನೆಗೆ ಎಚ್‌ಟಿಬಿಯ ಅಂಕಿಅಂಶದಲ್ಲಿ ಡೈರೆಕ್ಟ್ ಪ್ಯಾಕೆಟ್ಸ್ ಅನ್ನೋ ಒಂದು ಸಂಖ್ಯೆ ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ಅದನ್ನು ನಾನು ಓದಿಯೇ ಇರಲಿಲ್ಲ. ಅದು ಲಕ್ಷ ದಾಟಿತ್ತು.

ಎರಡು ತಪ್ಪು ಕೈ ಕೈ ಹಿಡಿದಿದ್ದವು. ಮೊದಲನೆಯದು, ಐಪಿಟೇಬಲ್ಸ್ ನೋಡುವುದು ಐಪಿವಿ4 ಮಾತ್ರ. ಹೊಸ ಮಾದರಿಯ ಐಪಿವಿ6ಕ್ಕೆ ಐಪಿ6ಟೇಬಲ್ಸ್ ಅಂತ ಬೇರೆ, ಅದರಲ್ಲಿ ನಾನು ಒಂದು ಸಾಲೂ ಬರೆದಿರಲಿಲ್ಲ. ಆ ವಾರ ನಮ್ಮ ಲೈನಿಗೆ ಐಪಿವಿ6 ವಿಳಾಸ ಬರಲು ಶುರುವಾಗಿತ್ತು. ಫೋಟೋಗಳು ಆ ದಾರಿ ಹಿಡಿದಿದ್ದವು. ಎರಡನೆಯದು, ಎಚ್‌ಟಿಬಿಗೆ ಡೀಫಾಲ್ಟ್ ವರ್ಗ ಯಾವುದು ಅಂತ ಹೇಳಿರಲಿಲ್ಲ. ಹೇಳದಿದ್ದರೆ ಗುರುತಿಲ್ಲದ ಪ್ಯಾಕೆಟ್ಟನ್ನು ಎಚ್‌ಟಿಬಿ ಸಾಲಿನಲ್ಲಿ ನಿಲ್ಲಿಸುವುದೇ ಇಲ್ಲ, ಯಾವ ಮಿತಿಯೂ ಇಲ್ಲದೆ ನೇರ ಹೊರಗೆ ಬಿಡುತ್ತದೆ. ಟಿಕೆಟ್ ಇಲ್ಲದವನಿಗೆ ಮುಂದಿನ ಬಾಗಿಲು! ಅವತ್ತಿಂದ ನಾನು ಮೊದಲು ಬರೆಯುವ ಸಾಲು ಡೀಫಾಲ್ಟ್. ಅದನ್ನು 20ಕ್ಕೆ ಇಟ್ಟೆ. ಡೈರೆಕ್ಟ್ ಸಂಖ್ಯೆ ಸೊನ್ನೆಯಲ್ಲೇ ಇದೆಯಾ ಅಂತ ಈಗಲೂ ನೋಡುತ್ತೇನೆ.

ಐಪಿವಿ6 ಇನ್ನೊಂದು ಕಡೆಯೂ ಕಾಡಿತು. ತಮ್ಮನ ಕಂಪ್ಯೂಟರನ್ನು ನಾನು ಅದರ ಐಪಿವಿ4 ವಿಳಾಸದಿಂದ ಗುರುತಿಸುತ್ತಿದ್ದೆ. ಐಪಿವಿ6ರಲ್ಲಿ ಒಂದೇ ಕಂಪ್ಯೂಟರಿಗೆ ಹಲವು ವಿಳಾಸ, ಅದೂ ಬದಲಾಗುತ್ತಾ ಇರುತ್ತದೆ. ಹಾಗಾಗಿ ನೆಟ್‌ವರ್ಕ್ ಕಾರ್ಡಿನದೇ ಗುರುತಾದ ಮ್ಯಾಕ್ ವಿಳಾಸಕ್ಕೆ ಬಂದೆ. ಅವನದು ತಂತಿಯಲ್ಲಿ ಸೇರಿಸಿದ ಕಂಪ್ಯೂಟರ್, ಫೋನಿನ ಹಾಗೆ ಮ್ಯಾಕ್ ಬದಲಿಸುವುದಿಲ್ಲ. ಪ್ಯಾಕೆಟ್ಟಿನ ದಾರಿ ನಿರ್ಧರಿಸುವ ಮೊದಲಿನ ಪ್ರೀರೌಟಿಂಗ್ ಹಂತದಲ್ಲೇ ಮ್ಯಾಕ್ ನೋಡಿ 30 ಹಚ್ಚಿದರೆ ಎರಡೂ ಐಪಿಗೆ ಒಂದೇ ನಿಯಮ. ಚಿಕ್ಕ ಪ್ಯಾಕೆಟ್ಟಿನ ಮಿತಿಯನ್ನೂ ತಿದ್ದಬೇಕಾಯಿತು. ಟೈಮ್‌ಸ್ಟ್ಯಾಂಪ್ (ಕಳಿಸಿದ ಹೊತ್ತಿನ ಗುರುತು) ಇರುವ ಖಾಲಿ ಉತ್ತರ ಐಪಿವಿ4ರಲ್ಲಿ 52 ಬೈಟ್, ಐಪಿವಿ6ರಲ್ಲಿ 72. ನನ್ನ 64ರ ಜರಡಿಗೆ ಎರಡನೆಯದು ಸಿಕ್ಕುತ್ತಲೇ ಇರಲಿಲ್ಲ.

"ಅಣ್ಣಾ, ನನ್ನ ಕಂಪ್ಯೂಟರ್ ಮಾತ್ರ ಯಾಕೆ ಕೊನೆಗೆ?" ಅಂತ ತಮ್ಮ ಒಂದು ದಿನ ನೇರವಾಗಿ ಕೇಳಿದ. ನ್ಯಾಯವಾದ ಪ್ರಶ್ನೆ. ಕಾಗದದ ಮೇಲೆ ತೋರಿಸಿದೆ. 12 ಜಿಬಿ ಕಳಿಸಲು 4 ಮೆಗಾಬಿಟ್‌ನಲ್ಲಿ 6 ಗಂಟೆ 40 ನಿಮಿಷ. 3.6ರಲ್ಲಿ 7 ಗಂಟೆ 24 ನಿಮಿಷ. ಹಗಲು ಕ್ಲಾಸು ನಡೆಯುವಾಗ ಇನ್ನೂ ಸ್ವಲ್ಪ ಜಾಸ್ತಿ. "ಮುಕ್ಕಾಲು ಗಂಟೆಗೆ ಏನಂತೆ, ಆದ್ರೆ ನನ್ನ ಕರೆಗಳು?" ಅಂದ. ಅವನೂ ಗಿರಾಕಿಗಳ ಜೊತೆ ವಿಡಿಯೋದಲ್ಲಿ ಮಾತಾಡುತ್ತಿದ್ದ. ಕರೆಗಳ ನಿಯಮವನ್ನು ಮ್ಯಾಕ್ ನಿಯಮಕ್ಕಿಂತ ಮುಂದೆ ಇಟ್ಟು ಅಲ್ಲಿಗೇ ಮುಗಿಸಿದೆ. ಅವನ ಕರೆ 10ಕ್ಕೆ, ಫೋಟೋ 30ಕ್ಕೆ. ಯಾರು ಯಾರಿಗಿಂತ ಮುಂದೆ ಅನ್ನುವುದನ್ನು ಮನೆಯಲ್ಲಿ ಒಬ್ಬನೇ ಕೂತು ಬರೆಯಬಾರದಿತ್ತು. ಮೊದಲೇ ಕೇಳಬೇಕಿತ್ತು.

ಕರೆಂಟಿನ ಕಥೆ ಚಿಕ್ಕದು. ಮಲೆನಾಡಿನ ಮಳೆಗಾಲ ಅಂದ ಮೇಲೆ ದಿನಕ್ಕೆ ನಾಕು ಸಲ ಕರೆಂಟು ಹೋಗುತ್ತದೆ. ಯುಪಿಎಸ್ ಕಂಪ್ಯೂಟರನ್ನು ಹಿಡಿದುಕೊಂಡಿತ್ತು, ಮೋಡೆಮ್ಮನ್ನು ಹಿಡಿದಿರಲಿಲ್ಲ. ಮೋಡೆಮ್ ಸತ್ತು ಎದ್ದಾಗ ಪಿಪಿಪಿ ಸಂಪರ್ಕ ಕಡಿದು ಹೊಸದಾಗಿ ಹುಟ್ಟುತ್ತದೆ. ಹೆಸರು ಅದೇ, ಸಾಧನ ಹೊಸದು. ಹಳೆಯದರ ಮೇಲೆ ಕಟ್ಟಿದ್ದ ಎಚ್‌ಟಿಬಿ ಅದರ ಜೊತೆಗೇ ಹೋಗುತ್ತದೆ. ಮ್ಯಾಂಗಲ್ ನಿಯಮಗಳು ಮಾತ್ರ ಗಟ್ಟಿಯಾಗಿ ಕೂತಿರುತ್ತವೆ, ಕೌಂಟರ್ ಏರುತ್ತಲೇ ಇರುತ್ತದೆ. ಎಲ್ಲಾ ಸರಿ ಇದೆ ಅಂತ ನಂಬಿಸಲು ಅಷ್ಟು ಸಾಕು. ಸಂಪರ್ಕ ಎದ್ದಾಗಲೆಲ್ಲಾ ತಾನಾಗಿ ಓಡುವ ಸ್ಕ್ರಿಪ್ಟ್‌ಗಳ ಫೋಲ್ಡರಿನಲ್ಲಿ ನನ್ನದನ್ನೂ ಹಾಕಿದ ಮೇಲೆ ಅದು ನಿಂತಿತು.

ಡೌನ್‌ಲೋಡಿಗೂ ಇದನ್ನೇ ಮಾಡೋಣ ಅಂತ ಆಸೆ ಹುಟ್ಟಿತು. ಅಗತ್ಯ ಇತ್ತಾ ಅಂದರೆ ಅಷ್ಟಾಗಿ ಇರಲಿಲ್ಲ. ಕೈ ಕೆರೆಯುತ್ತಿತ್ತು, ಅಷ್ಟೇ. ಹೊರಗೆ ಹೋಗುವುದನ್ನು ತಡೆದು ನಿಲ್ಲಿಸಬಹುದು, ಬಂದುಬಿಟ್ಟದ್ದನ್ನು ಏನು ಮಾಡುವುದು? ಲಿನಕ್ಸ್‌ನಲ್ಲಿ ಇದಕ್ಕೆ ಐಎಫ್‌ಬಿ ಅನ್ನೋ ಸುಳ್ಳು ಸಾಧನ ಇದೆ. ಒಳಗೆ ಬಂದ ಪ್ಯಾಕೆಟ್ಟನ್ನು ಅದಕ್ಕೆ ತಿರುಗಿಸಿ, ಅಲ್ಲಿಂದ ಹೊರಗೆ ಹೋಗುತ್ತಿದೆ ಅನ್ನೋ ಹಾಗೆ ಸಾಲಿನಲ್ಲಿ ನಿಲ್ಲಿಸಬಹುದು. ತಡವಾದದ್ದನ್ನು, ಬಿದ್ದುಹೋದದ್ದನ್ನು ನೋಡಿ ಆ ಕಡೆಯ ಟಿಸಿಪಿ ತಾನೇ ವೇಗ ಇಳಿಸುತ್ತದೆ. 20ರ ಲೈನಿಗೆ 17 ಮೆಗಾಬಿಟ್ ಇಟ್ಟೆ. ಅಪ್‌ಲೋಡಿಗಿಂತ ಇಲ್ಲಿ ಹೆಚ್ಚು ಬಿಟ್ಟುಕೊಡಬೇಕು, ಯಾಕೆಂದರೆ ನಿಜವಾದ ಸಾಲು ಆಚೆ ಕಡೆ ಇದೆ, ನಾವು ದೂರದಿಂದ ಹಗ್ಗ ಎಳೆಯುತ್ತಿದ್ದೇವೆ.

ಆದರೆ ಐಎಫ್‌ಬಿಯಲ್ಲಿ ಒಂದು ಗುರುತೂ ಕಾಣಲಿಲ್ಲ. ಎಲ್ಲಾ ಸೊನ್ನೆ. ಒಳಬರುವ ಪ್ಯಾಕೆಟ್ ಮೊದಲು ಟಿಸಿಯ ಕೈಗೆ ಸಿಕ್ಕುತ್ತದೆ, ಆಮೇಲೆ ನೆಟ್‌ಫಿಲ್ಟರಿನ (ಐಪಿಟೇಬಲ್ಸ್ ನಿಯಮಗಳು ಓಡುವ ಜಾಗ) ಪ್ರೀರೌಟಿಂಗ್. ನನ್ನ ರೈಟರು ಕೂತಿರುವುದು ಗೇಟಿನ ಒಳಗೆ, ನಾನು ಚೀಲ ವಿಂಗಡಿಸುತ್ತಿರುವುದು ಗೇಟಿನ ಹೊರಗೆ. ವಿಳಾಸ ನೋಡಿ ವಿಂಗಡಿಸೋಣ ಅಂದರೆ ಅದೂ ಆಗದು. ಮನೆಯ ವಿಳಾಸಗಳನ್ನು ಹೊರಗಿನ ಒಂದೇ ವಿಳಾಸದ ಹಿಂದೆ ಅಡಗಿಸುವ ನ್ಯಾಟ್ ಇನ್ನೂ ಬಿಚ್ಚಿರುವುದಿಲ್ಲ, ಐಪಿವಿ4ರಲ್ಲಿ ಎಲ್ಲದರ ಮೇಲೂ ಇಡೀ ಮನೆಯ ಒಂದೇ ಹೊರಗಿನ ವಿಳಾಸ. ಇಲ್ಲಿ ಕೈಹಿಡಿದದ್ದು ಆ ಸಂಪರ್ಕಗಳ ಪಟ್ಟಿಯೇ. ಟಿಸಿಯಲ್ಲಿ ಕಾನ್‌ಮಾರ್ಕ್ ಅಂತ ಒಂದು ಆಕ್ಷನ್ ಇದೆ. ಐಎಫ್‌ಬಿಗೆ ತಿರುಗಿಸುವ ಮೊದಲು ಅದು ಪಟ್ಟಿ ತೆಗೆದು, ಈ ಸಂಪರ್ಕಕ್ಕೆ ಹೊರಗೆ ಹೋಗುವಾಗ ಯಾವ ಗುರುತು ಬಿದ್ದಿತ್ತು ಅಂತ ನೋಡಿ, ಬಂದ ಪ್ಯಾಕೆಟ್ಟಿಗೆ ಹಚ್ಚುತ್ತದೆ. ಮನೆಯೊಳಗಿಂದ ಶುರುವಾದ ಸಂಪರ್ಕಗಳಿಗೆಲ್ಲಾ ಇದು ನಡೆಯುತ್ತದೆ, ನಮ್ಮ ಮನೆಯಲ್ಲಿ ಬೇರೆ ಥರದ್ದು ಇರಲೂ ಇಲ್ಲ. ಇಷ್ಟು ಹೊಸ ವಿಷಯ ಕಲಿತದ್ದಕ್ಕೆ ಖುಷಿಯಾಯಿತು. ಮನೆಯವರಿಗೆ ಯಾವ ವ್ಯತ್ಯಾಸವೂ ಗೊತ್ತಾಗಲಿಲ್ಲ.

ಒಂದೇ ವರ್ಗದ ಒಳಗೆ ಏನಾಗುತ್ತದೆ ಅನ್ನುವುದನ್ನು ನಾನು ಬಹಳ ತಡವಾಗಿ ನೋಡಿದೆ. 20ರಲ್ಲಿ ಮಗಳ ವಿಡಿಯೋ, ನನ್ನ ಎಸ್‌ಎಸ್‌ಎಚ್ (ದೂರದ ಸರ್ವರಿಗೆ ಲಾಗಿನ್), ಅಮ್ಮನ ವಾಟ್ಸ್‌ಆ್ಯಪ್ ಎಲ್ಲಾ ಒಂದೇ ಸಾಲು. ಅಲ್ಲೂ ದೊಡ್ಡವರು ಚಿಕ್ಕವರನ್ನು ತಳ್ಳುತ್ತಿದ್ದರು. ಪ್ರತಿ ವರ್ಗದ ಕೆಳಗೂ ಎಫ್‌ಕ್ಯೂ-ಕೋಡೆಲ್ ಇಟ್ಟೆ. 2012ರಿಂದಲೇ ಕರ್ನಲ್‌ನಲ್ಲಿ ಇರುವಂಥದ್ದು. ಅದು ಪ್ರತಿ ಹರಿವನ್ನೂ ಬೇರೆ ಬೇರೆ ಸಾಲಿನಲ್ಲಿ ನಿಲ್ಲಿಸಿ ಸರದಿಯಲ್ಲಿ ಬಿಡುತ್ತದೆ. ಪ್ಯಾಕೆಟ್ಟುಗಳು 5 ಮಿಲಿಸೆಕೆಂಡಿಗಿಂತ ಹೆಚ್ಚು ಹೊತ್ತು ಕಾಯುವುದು 100 ಮಿಲಿಸೆಕೆಂಡಿನವರೆಗೂ ಹಾಗೇ ಮುಂದುವರಿದರೆ ಒಂದೊಂದನ್ನೇ ಬೀಳಿಸಲು ಶುರುಮಾಡುತ್ತದೆ. 800 ಕಿಲೋಬಿಟ್ಟಿನ ವರ್ಗಕ್ಕೆ ಮಾತ್ರ ಆ 5 ಅನ್ನು 20ಕ್ಕೆ ಏರಿಸಿದೆ. ಆ ವೇಗದಲ್ಲಿ ಒಂದು ದೊಡ್ಡ ಪ್ಯಾಕೆಟ್ ಹೋಗಲಿಕ್ಕೇ 15 ಮಿಲಿಸೆಕೆಂಡ್ ಬೇಕು, 5ರ ಗಡುವು ಕೊಟ್ಟರೆ ಸುಮ್ಮಸುಮ್ಮನೆ ಬೀಳಿಸುತ್ತದೆ.

ಹಾಕಿದ ಮೇಲೆ ಕುತೂಹಲಕ್ಕೆ ಎಲ್ಲಾ ಮಾರ್ಕುಗಳನ್ನೂ ತೆಗೆದು ನೋಡಿದೆ. ಒಟ್ಟು ಮಿತಿ 3600, ಕೆಳಗೆ ಒಂದೇ ಎಫ್‌ಕ್ಯೂ-ಕೋಡೆಲ್. ಅಪ್‌ಲೋಡ್ ನಡೆಯುತ್ತಿತ್ತು. ಪಿಂಗ್ 30ರ ಆಸುಪಾಸು. ಹೆಂಡತಿ ಕ್ಲಾಸು ಮುಗಿಸಿ ಬಂದಳು, ದೂರು ಇಲ್ಲ.

ಹದಿನೈದು ದಿನದ ನನ್ನ ಮಾರ್ಕುಗಳ ಮುಕ್ಕಾಲು ಪಾಲು ಬೇಡದ ಕೆಲಸವಾಗಿತ್ತು ಅಂತ ಒಪ್ಪಿಕೊಳ್ಳಲು ಇನ್ನೆರಡು ದಿನ ಹಿಡಿಯಿತು. ಕರೆಗಳು ಸಣ್ಣ ಹರಿವು, ಸಾಲು ನಮ್ಮ ಕೈಯಲ್ಲಿದ್ದರೆ ಅವಕ್ಕೆ ತಾನಾಗಿ ದಾರಿ ಸಿಗುತ್ತದೆ. ಮಾರ್ಕ್ ನಿಜವಾಗಿ ಬೇಕಾದದ್ದು ಒಂದೇ ಕಡೆ. ತಮ್ಮನ ಅಪ್‌ಲೋಡ್ ಪ್ರೋಗ್ರಾಂ ಒಂದೇ ಸಲ ಎಂಟು ಹತ್ತು ಸಂಪರ್ಕ ತೆರೆಯುತ್ತದೆ. ಹರಿವಿಗೊಂದು ಪಾಲು ಅಂದರೆ ಅವನಿಗೆ ಹತ್ತು ಪಾಲು, ನನಗೆ ಒಂದು. ಅಲ್ಲಿ ಯಂತ್ರದ ನ್ಯಾಯ ಸಾಲದು.

ಕೊನೆಗೆ ಕೇಕ್ ಅನ್ನೋ ಕ್ಯೂಡಿಸ್ಕ್‌ಗೆ ಬಂದೆ. ಅದು 4.19ನೇ ಕರ್ನಲ್‌ನಿಂದ ಸಿಗುತ್ತದೆ, ಡೆಬಿಯನ್ 10ರಲ್ಲಿ ಇದ್ದದ್ದೂ ಅದೇ ಕರ್ನಲ್. ಮಿತಿ, ಸಾಲು, ಸರದಿ ಎಲ್ಲಾ ಒಂದೇ ಕಮಾಂಡಿನಲ್ಲಿ ಬರೆಯಬಹುದು. ಸಂಪರ್ಕಗಳನ್ನು ಎಣಿಸುವ ಬದಲು ಮೊದಲು ಮನೆಯ ಕಂಪ್ಯೂಟರ್‌ಗಳ ನಡುವೆ ಪಾಲು ಮಾಡು ಅಂತ ಹೇಳಬಹುದು. ನ್ಯಾಟ್ ಅನ್ನೋ ಪದ ಸೇರಿಸಲು ಮರೆಯಬಾರದು, ಇಲ್ಲದಿದ್ದರೆ ಐಪಿವಿ4ರಲ್ಲಿ ಅದಕ್ಕೆ ಇಡೀ ಮನೆ ಒಂದೇ ಕಂಪ್ಯೂಟರಿನ ಹಾಗೆ ಕಾಣುತ್ತದೆ. ಆಮೇಲೆ ಡೆಬಿಯನ್ ಮೇಲೇರಿಸಿದಾಗ ಕೇಕ್ ಮಾರ್ಕನ್ನೂ ನೇರ ಓದಬಲ್ಲದು ಅಂತ ಗೊತ್ತಾಯಿತು. ನಾಕು ವರ್ಗದ ವಿಧಾನದಲ್ಲಿ ಮಾರ್ಕ್ 1 ಅಂದರೆ ಬಲ್ಕ್, ಎಲ್ಲರಿಗಿಂತ ಹಿಂದೆ. ನನ್ನ ನಿಯಮಗಳ ಫೈಲು ಕರಗಿ ಕೊನೆಗೆ ಒಂದೇ ನಿಯಮಕ್ಕೆ ಬಂತು. ಈ ಮ್ಯಾಕ್‌ನಿಂದ ಬಂದದ್ದು, ಕರೆ ಅಲ್ಲದಿದ್ದರೆ, ಮಾರ್ಕ್ 1. ಅದನ್ನೂ ಐಪಿಟೇಬಲ್ಸ್‌ನ ಬದಲಿಗೆ ಬಂದ ಎನ್‌ಎಫ್‌ಟೇಬಲ್ಸ್‌ನಲ್ಲಿ ಬರೆದೆ, ಅಲ್ಲಿ ಎರಡೂ ಐಪಿಗೆ ಒಂದೇ ಟೇಬಲ್ ಸಾಕು. ಮೊದಲೇ ಹಾಗೆ ಮಾಡಿದ್ದರೆ ಒಂಬತ್ತನೇ ದಿನದ ಕೂಗು ಇರುತ್ತಿರಲಿಲ್ಲ.

ಈಗ ಲೈನು ಎರಡೂ ಕಡೆ 100 ಎಂಬಿಪಿಎಸ್ ಆಗಿದೆ. ಹಳೇ ಕಂಪ್ಯೂಟರ್ ಇನ್ನೂ ಉಸಿರಾಡುತ್ತಿದೆ. ಮೊನ್ನೆ ಬೇರೆ ಏನನ್ನೋ ಹುಡುಕುವಾಗ ಆ ನಿಯಮದ ಕೌಂಟರ್ ಕಣ್ಣಿಗೆ ಬಿತ್ತು. ಸೊನ್ನೆ. ಕಂಪ್ಯೂಟರ್ ಕೊನೆಯ ಸಲ ಶುರುವಾಗಿ ನಾಕು ತಿಂಗಳ ಮೇಲಾಗಿತ್ತು. ನಾಕು ತಿಂಗಳಲ್ಲಿ ತಮ್ಮನ ಒಂದು ಪ್ಯಾಕೆಟ್ಟಿಗೂ ಗುರುತು ಬಿದ್ದಿಲ್ಲ. ಕಳೆದ ದೀಪಾವಳಿಗೆ ಅವನು ಹೊಸ ಕಂಪ್ಯೂಟರ್ ತಗೊಂಡಿದ್ದ. ಮ್ಯಾಕ್ ವಿಳಾಸ ಬೇರೆ. ಅಲ್ಲಿಂದ ಈಚೆಗೆ ಅವನು ಎಲ್ಲರ ಸಮಕ್ಕೆ ನಿಂತು ಫೋಟೋ ಕಳಿಸುತ್ತಿದ್ದಾನೆ, ಮನೆಯಲ್ಲಿ ಯಾರಿಗೂ ಗೊತ್ತಾಗಿಲ್ಲ. ಹೆಂಡತಿಯ ಕೂಗೂ ಕೇಳಿಲ್ಲ.

ಆದರೂ ಹೊಸ ವಿಳಾಸ ಹಾಕಿದೆ. ಅವನಿಗೆ ಇನ್ನೂ ಹೇಳಿಲ್ಲ.